ಪದಚರ್ಚೆ: 'ಅಂತರಶಿಸ್ತೀಯ'ದಲ್ಲಿರುವ ಶಿಸ್ತು ಯಾವುದು?

ಗೆಳೆಯರೇ,

ವಿಚಾರಸಂಕಿರಣವೊಂದರ ಎರಡು ಪುಟದ ಆಹ್ವಾನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಎಡವಿದೆ. ಸದ್ಯಕ್ಕೆ ಬರೆದಿರುವುದು ಹೀಗೆ: 'ಮಧ್ಯಕಾಲೀನ ಹಾಗೂ ಪೂರ್ವಾಧುನಿಕ ಜಗತ್ತಿನ ಅಂತರಶಿಸ್ತೀಯ ಅಧ್ಯಯನ'. ಇಂಗ್ಲಿಷಿನ 'ಇಂಟರ್‌ಡಿಸಿಪ್ಲಿನರಿ', ಅಂದರೆ ಹಲವು ಜ್ಞಾನಶಾಖೆಗಳು ಕೂಡಿ ಮಾಡುವ, ಎಂಬುದಕ್ಕೆ ಈ 'ಅಂತರಶಿಸ್ತೀಯ'; ಜ್ಞಾನಶಾಖೆಯೇ ಇಲ್ಲಿ 'ಶಿಸ್ತು'. ಗಟ್ಟಿಯಾಗಿ ಓದಿದರೆ ನನಗೇ ನಾಲಿಗೆ ಹೊರಳುವುದಿಲ್ಲ.

'ಪೂರ್ವಾಧುನಿಕ'ದ ತಕರಾರು ಸಣ್ಣದು. ಪೂರ್ವಾರ್ಧ ಎಂದರೆ ಮೊದಲ ಭಾಗ, ಸ್ವಾತಂತ್ರ್ಯಪೂರ್ವ ಎಂದರೆ ಅದಕ್ಕೂ ಮುಂಚೆ. ಇಲ್ಲಿ ಬೇಕಾಗಿರುವುದು ಸುಮಾರು 1500ರಿಂದ 1800ರವರೆಗಿನ, ಆಧುನಿಕ ಕಾಲದ ಮೊದಲ ಹಂತ. 'ಆದಿ ಆಧುನಿಕ' ಎಂದರೆ ಗೊಂದಲ ತಪ್ಪುತ್ತದೆ, ಅದನ್ನೇ ಹಾಕಿಬಿಡುತ್ತೇನೆ.

ನಿಜವಾದ ತಲೆನೋವು 'ಶಿಸ್ತು'. ಶಿಸ್ತು ಅಂದರೆ ನಮಗೆ ಮೊದಲು ನೆನಪಾಗುವುದು ಸಾಲಾಗಿ ನಿಂತ ಮಕ್ಕಳು, ಇಸ್ತ್ರಿ ಮಾಡಿದ ಅಂಗಿ. 'ಏನ್ರೀ, ಇವತ್ತು ಬಾಳ ಶಿಸ್ತಾಗಿ ಬಂದೀರಲ್ಲ!' ಅದು ಹೋಗಲಿ. ಆಹ್ವಾನ ಹೇಳುತ್ತಿರುವ ಕಾಲದಲ್ಲೇ ಈ ಪದಕ್ಕೆ ಬೇರೆ ಅರ್ಥವಿತ್ತು. ಕೆಳದಿಯ ಶಿವಪ್ಪನಾಯಕ (ಆಳ್ವಿಕೆ 1645–1660) ನೆಲದ ಗುಣ, ಬೆಳೆ ನೋಡಿ ಗೊತ್ತುಮಾಡಿದ ಕಂದಾಯದ ಕಟ್ಟಳೆಗೆ ಹೆಸರೇ ಶಿಸ್ತು. ಮಲೆನಾಡಿನಲ್ಲಿ ಈಗಲೂ 'ಶಿವಪ್ಪನಾಯಕನ ಶಿಸ್ತು' ಎನ್ನುತ್ತಾರೆ. ಅದರ ಮೇಲೆ ಯಾರಾದರೂ ಪ್ರಬಂಧ ಮಂಡಿಸಿದರೆ 'ಶಿಸ್ತಿನ ಅಂತರಶಿಸ್ತೀಯ ಅಧ್ಯಯನ' ಎಂದು ಅಚ್ಚು ಹಾಕಬೇಕಾದೀತು!

ಜೊತೆಗೆ ಸಂಸ್ಕೃತದ 'ಅಂತರ', ಕೊನೆಗೆ 'ಈಯ', ನಡುವೆ ಶಿಸ್ತು: ಇದನ್ನು ಅರಿಸಮಾಸ (ಸಂಸ್ಕೃತ ಪದಕ್ಕೆ ಸಂಸ್ಕೃತವಲ್ಲದ ಪದ ಬೆಸೆದ ಸಮಾಸ) ಎಂದು ಬೈಯಬಹುದೇ? ಬಲ್ಲವರು ಹೇಳಲಿ.

'ಬಹುಶಾಸ್ತ್ರೀಯ' ಎಂದರೆ ಸಂಗೀತ ಕಛೇರಿ ಎಂದುಕೊಂಡಾರು. 'ಶಾಸ್ತ್ರ'ವಂತೂ ಹಳ್ಳಿಯಲ್ಲಿ 'ಶಾಸ್ತ್ರಕ್ಕೊಂದಿಷ್ಟು' ಮಾಡಿ ಮುಗಿಸುವ ಕೆಲಸವಾಗಿದೆ.

ಯಾವ ಕೆಲಸಕ್ಕೆ ಹೆಸರು ಹುಡುಕುತ್ತಿದ್ದೇನೆ ಎಂಬುದಕ್ಕೆ ಒಂದು ಉದಾಹರಣೆ. ಹಂಪಿಯ ಸುತ್ತ ಶಾಸನ ಓದುವವರಿದ್ದರು, ಕೆರೆ ಕಾಲುವೆ ಅಳೆಯುವ ಪುರಾತತ್ವದವರಿದ್ದರು. ಅದರ ಮೇಲೆ ಕಮಲಾಪುರದ ಕೆರೆಯ ಹೂಳು ತೆಗೆದು, ಅದರೊಳಗಿನ ಪರಾಗ ಮತ್ತು ಇದ್ದಿಲ ಕಣ ಎಣಿಸಿ, ವಿಜಯನಗರದ ಕಾಲದಲ್ಲಿ ಸುತ್ತಲಿನ ಗಿಡಮರ ಹೇಗೆ ಬದಲಾಯಿತೆಂದು ನೋಡಿದವರೂ ಇದ್ದಾರೆ. ದಾನಶಾಸನ ಕೆರೆಯನ್ನು ಯಾರು ಕಟ್ಟಿಸಿದರೆಂದು ಹೇಳೀತು, ಬೆಂಕಿ ಬಿದ್ದ ಗುಡ್ಡದ ಸುದ್ದಿ ಹೂಳಿನಲ್ಲೇ ಸಿಗಬೇಕು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಇಳಿದು ದುಡಿದಿದ್ದಾರೆ.

ನಮ್ಮ ಕಡೆ ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. 'ಮುಯ್ಯಾಳು ಸಂಶೋಧನೆ' ಎಂದರೆ ಆಹ್ವಾನ ಕೊಟ್ಟವರು ನಗುತ್ತಾರೆ, ಗೊತ್ತು. ಆದರೆ 'ಕೂಡು ಅಧ್ಯಯನ' ಎಂದರೆ ಒಪ್ಪಿಯಾರೇ? ಅಥವಾ ಎಲ್ಲರಿಗೂ ರೂಢಿಯಾಗಿದೆ ಎಂದು 'ಅಂತರಶಿಸ್ತೀಯ'ವನ್ನೇ ಉಳಿಸಿಕೊಳ್ಳಲೇ? ಮುಯ್ಯಾಳಿಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಶುಕ್ರವಾರ ಕರಡು ಕೊಡಬೇಕು.