2^67−1: ಒಂದು ಪರೀಕ್ಷೆ ಅವಿಭಾಜ್ಯ ಅಂತಿದೆ, ಇನ್ನೊಂದು ಅಲ್ಲ ಅಂತಿದೆ

ಹೇಮಾವತಿ_ದಂಡೆ (ಹಾಸನ):
ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಸಂಖ್ಯೆ 2^67−1, ಅಂದ್ರೆ 147573952589676412927. ಇದು ಅವಿಭಾಜ್ಯವೇ ಅಂತ ಮೂರು ಪರೀಕ್ಷೆ ಮಾಡಿದೆ. ಫರ್ಮಾ ಪರೀಕ್ಷೆ ಅವಿಭಾಜ್ಯ ಅನ್ನುತ್ತೆ, ಮಿಲ್ಲರ್–ರಾಬಿನ್ನೂ ಅದನ್ನೇ ಹೇಳುತ್ತೆ. 2^ಪಿ−1 ರೂಪದ ಸಂಖ್ಯೆಗಳಿಗೇ ಇರೋ ಲೂಕಾಸ್–ಲೆಹ್ಮರ್ ಮಾತ್ರ ಅಲ್ಲ ಅನ್ನುತ್ತೆ. ಕೋಡ್ ಮೂರು ಸಲ ನೋಡಿದೆ. ಶನಿವಾರ ಪಿಯುಸಿ ಮಕ್ಕಳಿಗೆ ತೋರಿಸಬೇಕು. ಎಲ್ಲಿ ತಪ್ಪಿದೆ?

ಮೂಡಿಗೆರೆ_ಮಳೆ:
ಫ್ಲೋಟ್ ಸಮಸ್ಯೆ, ಅಂದ್ರೆ ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನ ಅಂದಾಜಿನಲ್ಲಿ ಇಡೋದು. ಸಾಮಾನ್ಯ ಫ್ಲೋಟ್ ಆದ ಡಬಲ್‌ನಲ್ಲಿ 53 ಬಿಟ್ ಅಷ್ಟೇ ನಿಖರ, ನಿಮ್ಮದು 67. ಕೊನೆಯ 927 ಹೋಗಿ 928 ಆಗಿರುತ್ತೆ, ಅಂದ್ರೆ ನೇರ 2^67. ಎಕ್ಸೆಲ್ ಆದ್ರೆ 15 ಅಂಕಿ ಇಟ್ಕೊಂಡು ಮಿಕ್ಕ ಆರಕ್ಕೂ ಸೊನ್ನೆ ಹಾಕುತ್ತೆ.

ಹೇಮಾವತಿ_ದಂಡೆ:
ಪೈಥಾನ್ ಸರ್. ಪೂರ್ಣಾಂಕಕ್ಕೆ ಅಲ್ಲಿ ಮಿತಿ ಇಲ್ಲ.

ಮೂಡಿಗೆರೆ_ಮಳೆ:
ಭಾಗಾಕಾರಕ್ಕೆ ಒಂದೇ ಓರೆಗೆರೆ ಹಾಕಿದ್ರೆ ಪೈಥಾನ್‌ನಲ್ಲೂ ಫ್ಲೋಟೇ. ಮಿಲ್ಲರ್–ರಾಬಿನ್‌ನಲ್ಲಿ ಅರ್ಧ ಮಾಡೋ ಸಾಲು ನೋಡಿ.

ಹೇಮಾವತಿ_ದಂಡೆ:
ಎರಡು ಗೆರೆನೇ ಇದೆ, ಪೂರ್ಣಾಂಕ ಭಾಗಾಕಾರ.

ಮೂಡಿಗೆರೆ_ಮಳೆ:
ಹಾಗಾದ್ರೆ ಸಂಖ್ಯೆ ಒಳಗೆ ಹೋಗೋವಾಗಲೇ ಕೆಟ್ಟಿದೆ. ಮಧ್ಯೆ ಅಲ್ಪವಿರಾಮ ಹಾಕಿದೀರಾ?

ಬಾಬಾಬುಡನ್_ಬಿಟ್ (ಚಿಕ್ಕಮಗಳೂರು):
ಅಲ್ಪವಿರಾಮ ಹಾಕಿದ್ರೆ ಟ್ಯೂಪಲ್ (ಬಿಡಿ ಸಂಖ್ಯೆಗಳ ಪಟ್ಟಿ) ಆಗುತ್ತೆ, ಒಂದು ಕಳೆಯೋವಾಗಲೇ ಎರರ್ ಬಂದು ನಿಲ್ಲುತ್ತೆ. ತಪ್ಪು ಉತ್ತರ ಬರಲ್ಲ. ಫ್ಲೋಟ್ ವಿಚಾರ ಬಿಡಿ. ಬೇಕಿದ್ರೆ ಅಂಡರ್‌ಸ್ಕೋರ್ ಹಾಕಿ ಮೂರು ಮೂರು ಅಂಕಿ ಬಿಡಿಸಿ ಬರೀರಿ.

ಮೂಡಿಗೆರೆ_ಮಳೆ:
ಮೂರು ಮೂರು ಯಾಕೆ? ನಮ್ಮ ಲೆಕ್ಕ ಸಾವಿರದ ಮೇಲೆ ಎರಡೆರಡು. ಮಕ್ಕಳಿಗೆ ಲಕ್ಷ, ಕೋಟಿಯಲ್ಲೇ ಓದಿಸಬೇಕು.

ಬಾಬಾಬುಡನ್_ಬಿಟ್:
ಕೋಟಿ ದಾಟಿದ ಮೇಲೆ ಓದೋದು ಹೇಗೆ? ಇದು 14 ಲಕ್ಷ ಕೋಟಿ ಕೋಟಿಗಿಂತ ಜಾಸ್ತಿ.

ಅರಸೀಕೆರೆ_ತೆಂಗು:
ಬೇಸ್ (ಪರೀಕ್ಷೆಯಲ್ಲಿ ಘಾತಕ್ಕೆ ಏರಿಸೋ ಸಂಖ್ಯೆ) ಎಷ್ಟು ಕೊಟ್ಟಿದೀರಿ ಅಂತ ಯಾರೂ ಕೇಳಲಿಲ್ಲವಲ್ಲ.

ಹೇಮಾವತಿ_ದಂಡೆ:
2. ಅದನ್ನೂ ಹೇಳಬೇಕಿತ್ತಾ? ಎಲ್ಲರೂ 2ರಿಂದ ತಾನೇ ಶುರು ಮಾಡೋದು.

ಅರಸೀಕೆರೆ_ತೆಂಗು:
ಅಲ್ಲೇ ಇದೆ ನೋಡಿ. ಕೋಡ್ ಸರಿಯಿದೆ, ಬೇಸ್ ಸರಿಯಿಲ್ಲ. ಎನ್ = 2^67−1 ಅಂತಿಟ್ಕೊಳ್ಳಿ. ಫರ್ಮಾ ಪರೀಕ್ಷೆ ನೋಡೋದು ಬೇಸನ್ನ ಎನ್−1ನೇ ಘಾತಕ್ಕೆ ಏರಿಸಿ ಎನ್‌ನಿಂದ ಭಾಗಿಸಿದ್ರೆ ಶೇಷ 1 ಬರುತ್ತಾ ಅಂತ. ಎನ್‌ನಿಂದ ಭಾಗಿಸಿದಾಗ 2^67ಕ್ಕೆ ಶೇಷ 1. ಎನ್−1 ಅಂದ್ರೆ 2^67−2. 67 ಅವಿಭಾಜ್ಯ ಆಗಿರೋದ್ರಿಂದ ಇದು 67ರ ಗುಣಕ. ಹಾಗಾಗಿ 2^(ಎನ್−1)ಕ್ಕೂ ಶೇಷ 1 ಬಂದೇ ಬರುತ್ತೆ, ಎನ್ ಅವಿಭಾಜ್ಯ ಆಗಿರಲಿ ಬಿಡಲಿ. ಮಿಲ್ಲರ್–ರಾಬಿನ್‌ನಲ್ಲಿ ಅರ್ಧ ಮಾಡಿದ 2^66−1 ಕೂಡ 67ರ ಗುಣಕವೇ, ಅದಕ್ಕೇ ಅದೂ ಮೋಸ ಹೋಯ್ತು. ಘಾತ ಅವಿಭಾಜ್ಯ ಇರೋ ಯಾವ ಮರ್ಸೆನ್ ಸಂಖ್ಯೆಗೂ (2ರ ಘಾತಕ್ಕಿಂತ 1 ಕಡಿಮೆ ಇರೋದು) ಬೇಸ್ 2 ಕೊಡಬೇಡಿ.

ಬೇಸ್ 3 ಹಾಕಿ, ಈಗಲೇ ಗೊತ್ತಾಗುತ್ತೆ. 2ರಿಂದ 37ರವರೆಗಿನ 12 ಅವಿಭಾಜ್ಯಗಳನ್ನೂ ಬೇಸ್ ಆಗಿ ಕೊಟ್ರೆ ಈ ಗಾತ್ರದ ಸಂಖ್ಯೆಗೆ ಮಿಲ್ಲರ್–ರಾಬಿನ್ ಉತ್ತರ ಖಚಿತ. ಲೂಕಾಸ್–ಲೆಹ್ಮರ್ 4ರಿಂದ ಶುರುವಾಗಿ, ವರ್ಗ ಮಾಡಿ 2 ಕಳೆಯೋದು 65 ಸಲ ಆಗಬೇಕು, 67 ಅಲ್ಲ.

ಮೂಡಿಗೆರೆ_ಮಳೆ:
ಒಪ್ಪಿದೆ. ಆದ್ರೂ ಫ್ಲೋಟ್ ನೋಡಿಕೊಳ್ಳೋದು ಒಳ್ಳೇದು.

ಸಕಲೇಶಪುರ_ಘಾಟಿ:
ನಮ್ಮಲ್ಲಿ ಎಂಟು ಕೋರ್ ಮೆಷಿನ್‌ನಲ್ಲಿ ಮರ್ಸೆನ್ ಅವಿಭಾಜ್ಯ ಹುಡುಕೋ ಪ್ರೈಮ್95 ತಂತ್ರಾಂಶ ಹಗಲೂ ರಾತ್ರಿ ಓಡ್ತಿದೆ. 2024ರಲ್ಲಿ ಸಿಕ್ಕ ಅವಿಭಾಜ್ಯ 2^136279841−1ರಲ್ಲಿ 4,10,24,320 ಅಂಕಿ ಇವೆ. 21 ಅಂಕಿ ಏನು ದೊಡ್ಡದು?

ಹೇಮಾವತಿ_ದಂಡೆ:
ಬೇಸ್ 3 ಹಾಕಿದೆ, ಶೇಷ 1 ಬರಲಿಲ್ಲ! ಈಗ ಅಪವರ್ತನ ಬೇಕು. ವರ್ಗಮೂಲದವರೆಗೆ ಹೋದ್ರೆ 1,214 ಕೋಟಿ. ಲ್ಯಾಪ್‌ಟಾಪ್ ತಡೆಯಲ್ಲ.

ಅರಸೀಕೆರೆ_ತೆಂಗು:
ಅಷ್ಟು ದೂರ ಹೋಗೋದು ಬೇಡ. ಇದರ ಅವಿಭಾಜ್ಯ ಅಪವರ್ತನ ಎಲ್ಲವೂ 134ರ ಗುಣಕಕ್ಕಿಂತ 1 ಜಾಸ್ತಿ, ಮತ್ತೆ 8ರಿಂದ ಭಾಗಿಸಿದ್ರೆ ಶೇಷ 1 ಅಥವಾ 7. ಎರಡೂ ಜರಡಿ ಹಾಕಿದ್ರೆ ಸುಮಾರು 7.2 ಲಕ್ಷ ಪ್ರಯತ್ನದಲ್ಲಿ 193707721 ಸಿಗುತ್ತೆ. 134ರ 1445580ನೇ ಗುಣಕದ ಮುಂದಿನದು. ಇನ್ನೊಂದು 761838257287. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಇದನ್ನ ಕೈಲೆಕ್ಕದಲ್ಲೇ ಹುಡುಕಿದ್ದು. ಮಕ್ಕಳ ಕೈಲಿ ಬೋರ್ಡ್ ಮೇಲೆ ಗುಣಿಸಿಸಿ.

ಮೂಡಿಗೆರೆ_ಮಳೆ:
ಬೋರ್ಡ್ ಮೇಲೆ ಬರೆಯೋವಾಗ ಎರಡೆರಡು ಅಂಕಿಯೇ ಬಿಡಿಸಿ.