ಬಂಡಲ್ ತೊಳೆದು ನಾಲ್ಕೇ ತಿಂಗಳು, ಎಕ್ಸ್‌ಚೇಂಜರ್ ಮತ್ತೆ ಕಟ್ಟಿಕೊಂಡಿದೆ

ನೈಟ್‌ಶಿಫ್ಟ್:
ನಮಸ್ಕಾರ. ರಿಫೈನರಿಯ ಕ್ರೂಡ್ ಯೂನಿಟ್‌ನಲ್ಲಿ (ಕಚ್ಚಾತೈಲ ಕಾಯಿಸಿ ಬೇರ್ಪಡಿಸುವ ಘಟಕ) ನನ್ನ ಕೆಲಸ. ಉಪ್ಪು ತೆಗೆಯುವ ಡಿಸಾಲ್ಟರ್ ಆದಮೇಲೆ ಕ್ರೂಡ್ ಬಿಸಿ ಮಾಡುವ ಕೊನೆಯ ಎರಡು ಎಕ್ಸ್‌ಚೇಂಜರ್‌ಗಳ ಬಂಡಲ್ (ಟ್ಯೂಬುಗಳ ಕಟ್ಟು) ಎಳೆದು ಹೈಡ್ರೋಜೆಟ್ (ನೀರಿನ ಜೋರು ಧಾರೆ) ಮಾಡಿಸಿದ್ದೆವು. ಆಗ 265 ಡಿಗ್ರಿಯಲ್ಲಿ ಫರ್ನೇಸ್‌ಗೆ ಹೋಗುತ್ತಿದ್ದ ಕ್ರೂಡ್ ಈಗ 247ಕ್ಕೆ ಇಳಿದಿದೆ. ಫರ್ನೇಸ್‌ನ ಫ್ಯೂಯಲ್ ಖರ್ಚು ಏರುತ್ತಲೇ ಇದೆ. ಆಂಟಿಫೌಲಂಟ್ (ಕೊಳೆ ಕಟ್ಟದ ಹಾಗೆ ಹಾಕುವ ಕೆಮಿಕಲ್) ಡೋಸ್ ಜಾಸ್ತಿ ಮಾಡಿ ಅಂತಾರೆ ಕೆಮಿಕಲ್‌ನವರು. ಅವರು ಇನ್ನೇನು ಹೇಳ್ತಾರೆ, ಅಲ್ವಾ? ಬೇರೆ ಏನು ನೋಡಲಿ?

ಪೈಪ್‌ಲೈನ್:
ಎಕ್ಸ್‌ಚೇಂಜರ್ ತಪ್ಪಿಸಿ ಕ್ರೂಡ್ ಬಿಡುವ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿದೆಯಾ? ಟ್ಯೂಬಿನಲ್ಲಿ ಕ್ರೂಡ್ ನಿಧಾನವಾದರೆ ಏನು ಹಾಕಿದರೂ ಕಟ್ಟುತ್ತದೆ.

ನೈಟ್‌ಶಿಫ್ಟ್:
ಮುಚ್ಚಿದೆ ಸರ್. ವೇಗ ಸೆಕೆಂಡಿಗೆ 1.6 ಮೀಟರ್ ಇದೆ.

ಹಳೇ ಪ್ಯಾನಲ್‌ಮನ್:
ಎಕ್ಸ್‌ಚೇಂಜರ್ ಬಿಡಿ, ಟ್ಯಾಂಕ್ ಫಾರ್ಮ್ ಕಡೆ ಹೋಗಿ. ನಮಗೂ ಒಮ್ಮೆ ಹೀಗೇ ಆಗಿತ್ತು. ಅಗ್ಗಕ್ಕೆ ಸಿಕ್ಕಿತು ಅಂತ ಪ್ಯಾರಾಫಿನ್ ಜಾಸ್ತಿ ಇರುವ ಹಗುರ ಕ್ರೂಡ್ ತಂದರು. ಅದು ತುಂಬಿದ ಟ್ಯಾಂಕಿಗೇ ಭಾರದ ಕ್ರೂಡ್ ಬಿಟ್ಟರು. ಎರಡೂ ಬೇರೆಬೇರೆ ಇದ್ದಾಗ ಸಾಧು. ಕೂಡಿದ ಮೇಲೆ ಹುಳಿ ಬಿದ್ದ ಹಾಲಿನ ಹಾಗೆ ಒಡೆದು ಆಸ್ಫಾಲ್ಟೀನ್ (ಕ್ರೂಡ್‌ನಲ್ಲಿರುವ ಡಾಂಬರಿನಂಥ ಅಂಶ) ಹೊರಬಂತು. ಬಿಸಿ ಟ್ಯೂಬಿಗೆ ಅಂಟಿ ಕೋಕ್ (ಗಟ್ಟಿ ಇದ್ದಿಲಿನಂಥದ್ದು) ಆಯಿತು. ಲ್ಯಾಬ್ ರಿಪೋರ್ಟಿನಲ್ಲಿ ಸಾಂದ್ರತೆ, ಗಂಧಕ, ಉಪ್ಪು ಎಲ್ಲ ಸರಿಯಾಗೇ ಇತ್ತು!

ಒಂದು ಕೆಲಸ ಮಾಡಿ. ಮಿಶ್ರಣದ ಒಂದು ಹನಿ ಫಿಲ್ಟರ್ ಪೇಪರ್ ಮೇಲೆ ಬಿಟ್ಟು ಲ್ಯಾಬಿನ ಓವನ್‌ನಲ್ಲಿ ಒಣಗಿಸಿ. ಒಂದೇ ಬಣ್ಣ ಹರಡಿದರೆ ಚಿಂತೆಯಿಲ್ಲ. ನಡುವೆ ಮಗುವಿನ ಕೆನ್ನೆಯ ಕಾಡಿಗೆ ಬೊಟ್ಟಿನ ಹಾಗೆ ಕಪ್ಪು ನಿಂತರೆ ಒಡೆದಿದೆ ಅಂತ ಅನುಮಾನ ಪಡಿ. ಬೇರೆಬೇರೆ ಪ್ರಮಾಣದಲ್ಲಿ ಕಲಸಿಯೂ ನೋಡಿ. ಬೆರೆಸಲೇಬೇಕು ಅಂದರೆ ಭಾರದ್ದು ಮೊದಲು, ಹಗುರದ್ದು ಆಮೇಲೆ.

ಸ್ಲಾಪ್ (ಅಲ್ಲಿಲ್ಲಿ ಉಳಿದು ಒಟ್ಟಾದ, ನೀರು ಬೆರೆತ ಎಣ್ಣೆ) ಎಲ್ಲಿಗೆ ಹೋಗುತ್ತಿದೆ? ಟ್ಯಾಂಕ್ ಖಾಲಿ ಮಾಡುವ ಆತುರಕ್ಕೆ ರಾತ್ರಿ ಪಾಳಿಯವರು ಅದನ್ನು ಸುಮ್ನೆ ಕ್ರೂಡ್‌ಗೆ ಬಿಡುತ್ತಾರೆ. (ನಿಮ್ಮ ಹೆಸರು ನೋಡಿ ಹೇಳುತ್ತಿಲ್ಲ.) ಆಗ ಡಿಸಾಲ್ಟರ್‌ನಲ್ಲಿ ಎಣ್ಣೆ–ನೀರು ಬೇರೆಯಾಗದೆ ಉಪ್ಪುನೀರು ಮುಂದೆ ಹೋಗುತ್ತದೆ. ನೀರು ಆವಿಯಾಗಿ ಉಪ್ಪು ಟ್ಯೂಬಿಗೆ ಕೂರುತ್ತದೆ. ಅಷ್ಟಕ್ಕೇ ಮುಗಿಯಲ್ಲ, ಕ್ಲೋರೈಡ್ ಬಿಸಿಗೆ ಆಸಿಡ್ ಆಗಿ ಕ್ರೂಡ್ ಬೇರ್ಪಡಿಸುವ ಕಾಲಂನ ತುದಿಯ ಓವರ್‌ಹೆಡ್ ಲೈನ್ ತಿನ್ನುತ್ತದೆ. ನಮ್ಮಲ್ಲಿ ಒಂದು ಬೆಂಡ್ ತೂತಾದ ಮೇಲೇ ಸ್ಲಾಪ್ ಲೈನಿಗೆ ಬೀಗ ಬಿದ್ದದ್ದು.

ನೈಟ್‌ಶಿಫ್ಟ್:
ಸರ್, ಸ್ಲಾಪ್ ನಮ್ಮದೇ ತಪ್ಪು, ಒಪ್ಪಿಕೊಂಡೆ. ಹನಿಯನ್ನೂ ಬಿಟ್ಟೆ. ಬೊಟ್ಟು ಇದೆ! ಪೇಪರ್ ತಗೊಂಡು ಹೋಗಿ, ಯಾವ ಕ್ರೂಡ್ ಅಂತ ನಿರ್ಧರಿಸುವ ಪ್ಲಾನಿಂಗ್‌ನವರ ಮೇಜಿನ ಮೇಲಿಟ್ಟೆ. "ಟೀ ಚೆಲ್ಲಿದ್ದಾ?" ಅಂದರು.

ಹಳೇ ಪ್ಯಾನಲ್‌ಮನ್:
ಅದರ ಮೇಲೆ ದಿನಾಂಕ, ಟ್ಯಾಂಕ್ ನಂಬರ್ ಬರೆದಿದ್ದೀರಿ ತಾನೇ?