ಮಾಡ್ಯುಲರ್ ರೈಫಲ್: .308ರಿಂದ .300 ವಿನ್ ಮ್ಯಾಗ್‌ಗೆ ಬ್ಯಾರೆಲ್ ಬದಲಿಸಿ ವಾಪಸ್ ಹಾಕಿದರೆ ಜೀರೊ ನಿಲ್ಲುತ್ತಿಲ್ಲ

ದೂರಗುರಿ:
ರಿಸೀವರ್ (ಬೋಲ್ಟ್ ಓಡಾಡುವ ನಡುಭಾಗ) ಎರಡು ಕ್ಲ್ಯಾಂಪ್ ಸ್ಕ್ರೂಗಳಿಂದ ಬ್ಯಾರೆಲ್ ಹಿಡಿಯುವ ಬೋಲ್ಟ್ ಆ್ಯಕ್ಷನ್ ರೈಫಲ್ ಇದು. .308 ವಿಂಚೆಸ್ಟರ್ ಬ್ಯಾರೆಲ್ ಮೊದಲಿಂದ ಇದೆ, ಈಗ .300 ವಿನ್ ಮ್ಯಾಗ್ ಕಿಟ್ ಸೇರಿದೆ: ಬ್ಯಾರೆಲ್, ಬೋಲ್ಟ್, ಮ್ಯಾಗಜಿನ್. ಎರಡರಲ್ಲೂ ಗುಂಪು ಚೆನ್ನಾಗಿಯೇ ಬರುತ್ತದೆ, 100 ಮೀಟರ್‌ನಲ್ಲಿ ಸುಮಾರು 1 ಎಂಒಎ, ಅಂದರೆ 3 ಸೆಂಟಿಮೀಟರ್ ಹರಡು. ತೊಂದರೆ ಇರುವುದು .308 ಬಿಚ್ಚಿ ಮತ್ತೆ ಹಾಕಿದಾಗ: ಜೀರೊ, ಅಂದರೆ ಸ್ಕೋಪ್ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗಿರುವುದು, ಉಳಿಯುವುದಿಲ್ಲ. ಗುಂಪಿನ ನಡು ಒಮ್ಮೆ 0.1 ಮಿಲ್ (100 ಮೀಟರ್‌ನಲ್ಲಿ 1 ಸೆಂಟಿಮೀಟರ್) ಎಡಕ್ಕೆ ಹೋಗುತ್ತದೆ, ಇನ್ನೊಮ್ಮೆ 0.4 ಮಿಲ್ ಕೆಳಕ್ಕೆ. ಪ್ರತಿ ಸಲ 3 ಗುಂಡು ಹೊಡೆದು ನೋಡುವುದು. ಸ್ಕ್ರೂ ಬಿಗಿಯುವುದು ಎಲ್ ಕೀಲಿಯಿಂದ, ಕೈ ಅಂದಾಜಿನಲ್ಲಿ.

ಕೇಳಬೇಕಿರುವುದು: ಇಷ್ಟು ಅಲುಗಾಟ ಸಹಜವೇ? ಪ್ರತಿ ಬದಲಾವಣೆಗೂ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್ ಮುಖದಿಂದ ಚೇಂಬರ್ ಒಳಗೆ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಳತೆ) ಗೇಜ್ ಹಾಕಬೇಕೆ? ಮುಂದೆ 6.5 ಕ್ರೀಡ್‌ಮೂರ್ ಬ್ಯಾರೆಲ್ ತಂದರೆ ಅದರ ಜೊತೆ ಇನ್ನೇನು ಬೇಕು?

ಇಕ್ಕಳ:
0.4 ಮಿಲ್ ಸಹಜ ಅಲ್ಲ. 100 ಮೀಟರ್‌ನಲ್ಲಿ ಅದು 4 ಸೆಂಟಿಮೀಟರ್. ಅಪರಾಧಿ ಬಹುಪಾಲು ಆ ಎಲ್ ಕೀಲಿಯೇ.

ಕ್ಲ್ಯಾಂಪ್ ಮಾದರಿಯಲ್ಲಿ ಬ್ಯಾರೆಲ್‌ನ ಹಿಂಭಾಗ ರಿಸೀವರ್ ಒಳಗೆ ಜಾರಿ ಕೂರುತ್ತದೆ, ಸ್ಕ್ರೂಗಳು ಸೀಳಿದ ರಿಸೀವರನ್ನು ಹಿಂಡಿ ಅದನ್ನು ಹಿಡಿಯುತ್ತವೆ. ಹಿಂಡುವ ಬಲ ಸಲಸಲಕ್ಕೂ ಬೇರೆಯಾದರೆ ಬ್ಯಾರೆಲ್ ಕೂರುವ ರೀತಿ, ಅದು ಕಂಪಿಸುವ ರೀತಿ ಎರಡೂ ಬೇರೆಯಾಗುತ್ತವೆ. ಬಿಗಿಯುವ ಬಲ, ಅಂದರೆ ಟಾರ್ಕ್, ಬ್ಯಾರೆಟ್ ಎಂಆರ್‌ಎಡಿ ರೈಫಲ್‌ಗೆ ಟಿ-30 ಟಾರ್ಕ್ಸ್ ಬಿಟ್‌ನಲ್ಲಿ 140 ಇಂಚು-ಪೌಂಡ್, ಅಂದರೆ 15.8 ನ್ಯೂಟನ್ ಮೀಟರ್. ಡೆಸರ್ಟ್ ಟೆಕ್ ಎಸ್‌ಆರ್‌ಎಸ್‌ಗೆ 80 ಇಂಚು-ಪೌಂಡ್, ಸುಮಾರು 9. ಎರಡರ ನಡುವೆ ಎಷ್ಟು ಅಂತರ ನೋಡಿ. ಒಂದು ರೈಫಲ್‌ನ ಅಂಕಿ ಇನ್ನೊಂದಕ್ಕೆ ಹಾಕುವ ಹಾಗಿಲ್ಲ, ನಿಮ್ಮ ಕೈಪಿಡಿಯಲ್ಲಿರುವುದೇ ಅಂತಿಮ.

ಟಾರ್ಕ್ ವ್ರೆಂಚ್ (ಗೊತ್ತುಮಾಡಿದ ಬಲಕ್ಕೆ ಬಿಗಿಯುವ ಉಪಕರಣ) ಕೊಳ್ಳುವಾಗ ನಿಮಗೆ ಬೇಕಾದ ಅಂಕಿ ಅದರ ವ್ಯಾಪ್ತಿಯ ನಡುಭಾಗದಲ್ಲಿ ಬರಲಿ. 20ರಿಂದ 200 ನ್ಯೂಟನ್ ಮೀಟರ್‌ನ ವಾಹನದ ವ್ರೆಂಚ್ ಈ ಕೆಲಸಕ್ಕಲ್ಲ. ಕ್ಲಿಕ್ ಮಾದರಿಯದಾದರೆ ಒಂದೇ ನಿಧಾನ ಎಳೆತ, ಒಂದೇ ಕ್ಲಿಕ್. ಖಾತ್ರಿಗೆಂದು ಎರಡನೇ ಸಲ ಟಕ್ ಅನ್ನಿಸಿದರೆ ಟಾರ್ಕ್ ಇನ್ನಷ್ಟು ಏರಿರುತ್ತದೆ. ಕೆಲಸ ಮುಗಿದ ಮೇಲೆ ವ್ರೆಂಚನ್ನು ಅದರ ಕನಿಷ್ಠ ಅಂಕಿಗೆ ಇಳಿಸಿಡಿ.

ನಾನು ಹೇಳುವ ಕ್ರಮ:

ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ, ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಬೋಲ್ಟ್ ಒಳಗಿರುವಾಗ ಬ್ಯಾರೆಲ್ ಸ್ಕ್ರೂ ಮುಟ್ಟಲೇಬೇಡಿ.

ಬ್ಯಾರೆಲ್‌ನ ಹಿಂಭಾಗ, ರಿಸೀವರ್‌ನ ಒಳಮೈ ಎರಡನ್ನೂ ಒಣ ಬಟ್ಟೆಯಿಂದ ಒರೆಸಿ. ಮಸಿಯ ಒಂದು ಪದರ, ಪ್ಯಾಚ್‌ನ ಒಂದು ಎಳೆ ಸಿಕ್ಕಿಕೊಂಡರೂ ಬ್ಯಾರೆಲ್ ಪೂರ್ತಿ ಹಿಂದಕ್ಕೆ ಕೂರುವುದಿಲ್ಲ. ಹೆಚ್ಚಿನವರು ಬ್ಯಾರೆಲ್ ಒರೆಸುತ್ತಾರೆ, ರಿಸೀವರ್ ಒಳಗಿನ ಮೂಲೆ ಮರೆಯುತ್ತಾರೆ.

ರೈಫಲನ್ನು ಹಿಂಭಾಗದ ಮೇಲೆ ನೆಟ್ಟಗೆ ನಿಲ್ಲಿಸಿ, ನಳಿಗೆಯ ಬಾಯಿ ಮೇಲಕ್ಕೆ. ಬ್ಯಾರೆಲ್ ತನ್ನದೇ ಭಾರದಿಂದ ಕೂರಲಿ. ಮೇಜಿನ ಮೇಲೆ ಅಡ್ಡ ಇಟ್ಟು ಬಿಗಿದರೆ ಮೂತಿ ಕೆಳಕ್ಕೆ ಬಾಗಿರುವಾಗಲೇ ಕ್ಲ್ಯಾಂಪ್ ಹಿಡಿಯುತ್ತದೆ. ಸ್ಯಾಂಡ್‌ಬ್ಯಾಗ್ ಬ್ಯಾರೆಲ್ ಅಡಿಗಿದ್ದರೆ ಅದಕ್ಕೆ ತದ್ವಿರುದ್ಧ. ನಿಮ್ಮ ಲಂಬ ದಿಕ್ಕಿನ 0.4ಕ್ಕೆ ಇದೂ ಕಾರಣವಾಗಿರಬಹುದು.

ಸ್ಕ್ರೂಗಳನ್ನು ಕಾರಿನ ಚಕ್ರದ ನಟ್‌ಗಳಂತೆ ಸರದಿಯಲ್ಲಿ ಬಿಗಿಯಿರಿ. ಗುರಿ 15.8 ಆದರೆ ಮೊದಲು ಎರಡಕ್ಕೂ 5, ಆಮೇಲೆ ಎರಡಕ್ಕೂ 10, ಕೊನೆಗೆ ಪೂರ್ತಿ. ಎರಡನೆಯದು ಬಿಗಿಯಾದಾಗ ಮೊದಲನೆಯದರ ಹಿಡಿತ ಸಡಿಲುತ್ತದೆ, ಆದ್ದರಿಂದ ಮತ್ತೆ ಮೊದಲನೆಯದಕ್ಕೆ ಬನ್ನಿ. ಎರಡೂ ತಿರುಗದೆ ಕ್ಲಿಕ್ ಆದರೆ ಮುಗಿಯಿತು. ಪ್ರತಿ ಸಲವೂ ಅದೇ ಸ್ಕ್ರೂನಿಂದ ಶುರು ಮಾಡಿ.

ಸ್ಕ್ರೂ ಎಳೆಗಳಿಗೆ ಎಣ್ಣೆ ಹಚ್ಚಬೇಡಿ. ಕೈಪಿಡಿಯ ಅಂಕಿ ಒಣ ಎಳೆಗಾದರೆ, ಎಣ್ಣೆ ಬಿದ್ದ ಎಳೆಯಲ್ಲಿ ಅದೇ ಟಾರ್ಕ್‌ಗೆ ಎಷ್ಟೋ ಹೆಚ್ಚಿನ ಎಳೆತ ಬರುತ್ತದೆ. ಸ್ಕ್ರೂ ತಲೆ ಹಾಳಾಗುವುದು, ರಿಸೀವರ್‌ನ ಎಳೆ ಕಿತ್ತುಬರುವುದು ಹೀಗೇ. ಎಳೆಗೆ ಅಂಟು ಬೇಡವೇ ಬೇಡ.

ನಳಿಗೆ:
ಇಕ್ಕಳ ಅವರ ಎಣ್ಣೆಯ ಮಾತಿಗೆ ಒಂದು ತಿದ್ದುಪಡಿ: ಅದು ಕ್ಲ್ಯಾಂಪ್ ಸ್ಕ್ರೂಗಳಿಗೆ ಸರಿ. ಬ್ಯಾರೆಲ್ಲೇ ರಿಸೀವರ್‌ಗೆ ತಿರುಚಿಕೊಳ್ಳುವ ಮಾದರಿಗಳಲ್ಲಿ, ಉದಾಹರಣೆಗೆ ಆ್ಯಕ್ಯುರಸಿ ಇಂಟರ್‌ನ್ಯಾಷನಲ್‌ನ ಕ್ವಿಕ್‌ಲಾಕ್, ಬ್ಯಾರೆಲ್ ಎಳೆಗಳು ಪೂರ್ತಿ ಒಣಗಿದ್ದರೆ ಲೋಹ ಲೋಹಕ್ಕೆ ಕಚ್ಚಿಕೊಳ್ಳುವ ಅಪಾಯ ಇದೆ. ಅಲ್ಲಿ ತೆಳು ಗ್ರೀಸ್ ಬೇಕು, ಆದರೆ ಭುಜದ (ರಿಸೀವರ್‌ಗೆ ತಾಗಿ ನಿಲ್ಲುವ ಬ್ಯಾರೆಲ್ ಅಂಚಿನ) ಮುಖಕ್ಕೆ ಅದು ಹರಡಬಾರದು.

ಹೆಡ್‌ಸ್ಪೇಸ್ ಪ್ರಶ್ನೆಗೆ ಉತ್ತರ ನಿಮ್ಮ ರೈಫಲ್‌ನ ಬೋಲ್ಟ್ ಎಲ್ಲಿ ಲಾಕ್ ಆಗುತ್ತದೆ ಎಂಬುದರಲ್ಲಿದೆ.

ಎಂಆರ್‌ಎಡಿಯಂಥವುಗಳಲ್ಲಿ ಬೋಲ್ಟ್‌ನ ಹಲ್ಲುಗಳು ಬ್ಯಾರೆಲ್‌ಗೆ ಜೋಡಿಸಿದ ಎಕ್ಸ್‌ಟೆನ್ಶನ್ ಒಳಗೇ ಲಾಕ್ ಆಗುತ್ತವೆ. ಹೆಡ್‌ಸ್ಪೇಸ್ ಬ್ಯಾರೆಲ್ ಮತ್ತು ಬೋಲ್ಟ್ ನಡುವಿನ ವ್ಯವಹಾರ, ರಿಸೀವರ್‌ಗೆ ಅದರಲ್ಲಿ ಪಾತ್ರವಿಲ್ಲ. ಸ್ಕ್ರೂ ಎಷ್ಟು ಸಲ ಬಿಚ್ಚಿ ಹಾಕಿದರೂ ಆ ಅಳತೆ ಬದಲಾಗದು. ಕ್ವಿಕ್‌ಲಾಕ್‌ನಂಥದರಲ್ಲಿ ಬ್ಯಾರೆಲ್‌ನ ಭುಜ ರಿಸೀವರ್‌ಗೆ ತಾಗಿ ಅಳತೆ ನಿಲ್ಲುತ್ತದೆ, ಹಾಗಾಗಿ ಆ ಮುಖದ ಸ್ವಚ್ಛತೆ ಮುಖ್ಯ. ಮೂರನೆಯದು ಬ್ಯಾರೆಲ್ ನಟ್ ಮಾದರಿ, ಸ್ಯಾವೇಜ್‌ನದು ಇದ್ದಹಾಗೆ. ಅಲ್ಲಿ ಬ್ಯಾರೆಲ್ ಎಲ್ಲಿ ನಿಲ್ಲಬೇಕೆಂದು ನೀವೇ ಗೇಜ್ ಇಟ್ಟು ತೀರ್ಮಾನಿಸುವುದು, ಆದ್ದರಿಂದ ಪ್ರತಿ ಸಲವೂ ಗೇಜ್ ಕಡ್ಡಾಯ.

ನಿಮ್ಮದು ಮೊದಲ ಬಗೆಯದಾದರೆ ಪ್ರತಿ ಬದಲಾವಣೆಗೆ ಗೇಜ್ ಬೇಡ. ಆದರೆ ಹೊಸ ಬ್ಯಾರೆಲ್ ಮತ್ತು ಬೋಲ್ಟ್ ಮೊದಲ ಸಲ ಜೋಡಿಯಾದಾಗ, ಬೋಲ್ಟ್ ಬದಲಿಸಿದಾಗ, ಹೊಡೆದ ಕೇಸ್‌ಗಳ (ತೋಟಾದ ಖಾಲಿ ಕವಚಗಳ) ಬುಡದ ಹತ್ತಿರ ಹೊಳೆಯುವ ಉಂಗುರ ಕಂಡಾಗ ಗೇಜ್ ಹಾಕಿ. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ 1.634. ಬೋಲ್ಟ್‌ನಿಂದ ಫೈರಿಂಗ್ ಪಿನ್ ಜೋಡಣೆ ತೆಗೆಯಿರಿ, ಎಜೆಕ್ಟರ್ ಸ್ಪ್ರಿಂಗ್‌ನದಾದರೆ ಅದನ್ನೂ ತೆಗೆಯಿರಿ. ಇಲ್ಲವಾದರೆ ಸ್ಪ್ರಿಂಗ್‌ನ ಒತ್ತಡವನ್ನೇ ಗೇಜ್‌ನ ತಡೆ ಎಂದುಕೊಳ್ಳುತ್ತೀರಿ. ಗೋ ಮೇಲೆ ಹ್ಯಾಂಡಲ್ ಬೆರಳ ತುದಿಯ ಒತ್ತಡಕ್ಕೇ ಇಳಿಯಬೇಕು, ನೋ-ಗೋ ಮೇಲೆ ಇಳಿಯಬಾರದು. ಬಲ ಹಾಕಿ ಮುಚ್ಚಿದರೆ ಪರೀಕ್ಷೆಗೆ ಅರ್ಥವಿಲ್ಲ, ಗೇಜೂ ಹಾಳು.

ಇನ್ನು 6.5 ಕ್ರೀಡ್‌ಮೂರ್. .308ರ ಕೇಸ್ ಬುಡದಷ್ಟೇ ಅದರ ಬುಡ, 0.473 ಇಂಚು. ಆದ್ದರಿಂದ .308ರ ಬೋಲ್ಟ್, .308ರ ಮ್ಯಾಗಜಿನ್ ಎರಡೂ ನಡೆಯುತ್ತವೆ, ಬ್ಯಾರೆಲ್ ಒಂದೇ ಸಾಕು. .300 ವಿನ್ ಮ್ಯಾಗ್, 7 ಮಿಮೀ ರೆಮಿಂಗ್ಟನ್ ಮ್ಯಾಗ್ನಮ್‌ಗಳದು 0.532. .338 ಲಪುವಾ, .300 ನೋರ್ಮಾ, .338 ನೋರ್ಮಾಗಳದು 0.588. ಈ ಮೂರು ಮನೆಗಳ ನಡುವೆ ದಾಟಿದರೆ ಬೋಲ್ಟ್ ಬದಲಾಗಲೇಬೇಕು. ತೋಟಾದ ಉದ್ದವೂ ಬೇರೆ: .308 ಗರಿಷ್ಠ 2.810 ಇಂಚು, .300 ವಿನ್ ಮ್ಯಾಗ್ 3.340, .338 ಲಪುವಾ 3.681. ಅದಕ್ಕೇ ಮ್ಯಾಗಜಿನ್ ಕೂಡ ಬದಲಾಗುವುದು.

ಬೋಲ್ಟ್ ತಪ್ಪಿದರೆ ಏನಾಗುತ್ತದೆ? .308 ಬೋಲ್ಟ್‌ಗೆ ಮ್ಯಾಗ್ನಮ್ ತೋಟಾ ಕೂರುವುದೇ ಇಲ್ಲ, ಅಲ್ಲಿಗೇ ನಿಲ್ಲುತ್ತದೆ. ತಿರುಗುಮುರುಗಾದಾಗ ಕೆಟ್ಟದ್ದು: ಮ್ಯಾಗ್ನಮ್ ಬೋಲ್ಟ್‌ನ ಅಗಲ ಮುಖದಲ್ಲಿ .308ರ ಬುಡ ಆಡುತ್ತದೆ, ಎಕ್ಸ್‌ಟ್ರಾಕ್ಟರ್ ಹಿಡಿಯುವುದಿಲ್ಲ, ಪಿನ್ ಪ್ರೈಮರ್‌ನ ನಡುವಿಗೆ ಬೀಳದೆ ಹೋಗಬಹುದು.

ಇದಕ್ಕಿಂತ ದೊಡ್ಡ ಅಪಾಯ ತೋಟಾ ಅದಲುಬದಲು. .243, .260 ರೆಮಿಂಗ್ಟನ್, 7 ಮಿಮೀ-08 ಮೂರೂ .308ರ ಕೇಸಿನಿಂದಲೇ ಬಂದವು, .308 ಚೇಂಬರ್‌ಗೆ ಇಳಿದುಬಿಡುತ್ತವೆ. .300 ನೋರ್ಮಾ .338 ನೋರ್ಮಾದ ಕುತ್ತಿಗೆ ಕಿರಿದು ಮಾಡಿದ್ದು, ಹಾಗಾಗಿ ಅದೂ .338 ನೋರ್ಮಾ ಚೇಂಬರ್‌ಗೆ ಇಳಿಯುತ್ತದೆ. ಬೋಲ್ಟ್ ಒಂದೇ, ಮ್ಯಾಗಜಿನ್ ಒಂದೇ, ಎಲ್ಲೂ ತಡೆಯಿಲ್ಲ. ಗುಂಡು ನಳಿಗೆಗಿಂತ ಸಣ್ಣದು, ಕೇಸ್‌ನ ಕುತ್ತಿಗೆ ಸೀಳುತ್ತದೆ, ಗುಂಡು ಎಲ್ಲೋ ಹೋಗುತ್ತದೆ. ಅದರ ವಿರುದ್ಧ ದಿಕ್ಕಿನಲ್ಲಿ ದೊಡ್ಡ ಗುಂಡಿನ ತೋಟಾ ಸಣ್ಣ ಚೇಂಬರ್‌ಗೆ ಹೋಗದೆ ಬೋಲ್ಟ್ ಬಿಗಿಯಾಗುತ್ತದೆ. ಬಿಗಿಯಾದ ಬೋಲ್ಟನ್ನು ಅಂಗೈಯಿಂದ ಗುದ್ದಿ ಮುಚ್ಚುವ ಅಭ್ಯಾಸ ಯಾರಿಗಾದರೂ ಇದ್ದರೆ ಮಾಡ್ಯುಲರ್ ರೈಫಲ್ ಅವರಿಗಲ್ಲ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಕ್ಯಾಲಿಬರ್‌ನ ತೋಟಾ ಇರಲಿ, ಉಳಿದದ್ದು ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಬ್ಯಾರೆಲ್, ಬೋಲ್ಟ್, ಮ್ಯಾಗಜಿನ್ ಮೂರಕ್ಕೂ ಒಂದೇ ಬಣ್ಣದ ಗುರುತು ಹಾಕಿ.

ತೋಟಾ ನೀವೇ ತುಂಬುವುದಾದರೆ ಕೇಸ್‌ಗಳನ್ನೂ ಬ್ಯಾರೆಲ್ ಪ್ರಕಾರ ಬೇರೆ ಇಡಿ. ಎರಡು .308 ಬ್ಯಾರೆಲ್‌ಗಳ ಚೇಂಬರ್ ಒಂದೇ ಅಳತೆಯಲ್ಲಿರುವುದು ಅಪರೂಪ. ಒಂದಕ್ಕೆ ಭುಜವನ್ನು (ಕೇಸ್‌ನ ಕುತ್ತಿಗೆ ಕೆಳಗಿನ ಇಳಿಜಾರನ್ನು) 0.05 ಮಿಮೀ ಹಿಂದಕ್ಕೆ ತಳ್ಳಿ ಹೊಂದಿಸಿದ ಕೇಸ್ ಇನ್ನೊಂದರಲ್ಲಿ ಬಿಗಿಯಾಗಬಹುದು.

ಕೊಳ್ಳುವ ಮುಂಚೆ ಕಾನೂನು ನೋಡಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ರಿಸೀವರ್ ಮಾತ್ರ ಬಂದೂಕು ಎನಿಸಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಬ್ಯಾರೆಲ್ ಕೂಡ, ಬೋಲ್ಟ್ ಕೂಡ ಅಗತ್ಯ ಭಾಗಗಳ ಪಟ್ಟಿಯಲ್ಲಿವೆ.

ಗಾಳಿಮಾಪಕ:
0.4 ಬಗ್ಗೆ ಮೇಲಿನವರು ಹೇಳಿದ್ದಾರೆ. ಆ 0.1 ಮಿಲ್ ಬಗ್ಗೆ ನನ್ನ ಅನುಮಾನ: ಅದು ನಡೆದೇ ಇಲ್ಲ.

5 ಗುಂಡಿಗೆ 1 ಎಂಒಎ ಗುಂಪು ಕೊಡುವ ರೈಫಲ್‌ನಲ್ಲಿ ಒಂದೊಂದು ಗುಂಡಿನ ಚದುರುವಿಕೆ ಪ್ರತಿ ದಿಕ್ಕಿಗೆ ಸುಮಾರು 0.1 ಮಿಲ್. 3 ಗುಂಡಿನ ಎರಡು ಗುಂಪುಗಳ ನಡುವನ್ನು ಹೋಲಿಸಿದರೆ, ರೈಫಲ್ ಮುಟ್ಟದೇ ಇದ್ದರೂ, ವ್ಯತ್ಯಾಸದ ಮಾನಕ ವಿಚಲನೆ (ಸಹಜವಾಗಿ ಕಾಣುವ ಏರುಪೇರಿನ ಅಳತೆ) 0.08 ಮಿಲ್ ಬರುತ್ತದೆ. ಅಂದರೆ 0.1 ಅಥವಾ 0.15 ಸರಿದಂತೆ ಕಾಣುವುದು ಬರೀ ಆಕಸ್ಮಿಕ ಏರುಪೇರು. ಅದರ ಹಿಂದೆ ಬಿದ್ದು ಕ್ಲಿಕ್ ತಿರುಗಿಸಿದರೆ ಒಳ್ಳೆಯ ಜೀರೊವನ್ನು ನೀವೇ ಕೆಡಿಸುತ್ತೀರಿ. 10 ಗುಂಡಿಗೆ ಹೋದರೆ ಆ ಅಂಕಿ 0.04ಕ್ಕೆ ಇಳಿಯುತ್ತದೆ. ತೋಟಾ ಖರ್ಚಾಗುತ್ತದೆ ನಿಜ, ಆದರೆ ಒಮ್ಮೆ ಮಾಡಿದರೆ ಸಾಕು: 10 ಗುಂಡು, ಬಿಚ್ಚಿ ಹಾಕಿ, 10 ಗುಂಡು, ಮತ್ತೆ ಬಿಚ್ಚಿ ಹಾಕಿ, 10 ಗುಂಡು. ಮೂರು ನಡುಗಳು ಎಷ್ಟರೊಳಗೆ ಬರುತ್ತವೋ ಅದು ನಿಮ್ಮ ರೈಫಲ್ ವಾಪಸಾಗುವ ನಿಜವಾದ ಅಳತೆ.

ಪರೀಕ್ಷೆಯ ನಡುವೆ ನಳಿಗೆ ತೊಳೆಯಬೇಡಿ. ತೊಳೆದ ನಳಿಗೆಯ ಮೊದಲ ಗುಂಡುಗಳು ಬೇರೆ ಕಡೆ ಹೋಗುವುದುಂಟು, ಅದನ್ನು ಬ್ಯಾರೆಲ್ ಬದಲಾವಣೆಯ ತಲೆಗೆ ಕಟ್ಟುತ್ತೀರಿ. ಸ್ಕೋಪ್ ಮೌಂಟ್‌ನ ಸ್ಕ್ರೂಗಳನ್ನೂ ಮೊದಲೇ ಟಾರ್ಕ್ ನೋಡಿ ಬಿಡಿ.

ದೂರಗುರಿ:
ಟಾರ್ಕ್ ವ್ರೆಂಚ್ ತರುವುದು ಖಚಿತ. ಇನ್ನೊಂದು: .300 ಹಾಕಿದಾಗ ಗುಂಪು .308ರ ಜೀರೊಗಿಂತ 0.7 ಮಿಲ್ ಮೇಲೆ, 0.3 ಬಲಕ್ಕೆ. ಪ್ರತಿ ಸಲ ಟರೆಟ್ (ಸ್ಕೋಪ್‌ನ ಗುರಿ ಸರಿಸುವ ತಿರುಗಣೆ) ಬಿಚ್ಚಿ ಹೊಸದಾಗಿ ಸೊನ್ನೆಗೆ ಕೂರಿಸಬೇಕೆ?

ಗಾಳಿಮಾಪಕ:
ಬೇಡ. ಸ್ಕೋಪ್ ರಿಸೀವರ್ ಮೇಲಿದೆ, ಬ್ಯಾರೆಲ್ ಮಾತ್ರ ಬದಲಾಗುತ್ತಿದೆ, ಆದ್ದರಿಂದ ಎರಡಕ್ಕೂ ಬೇರೆ ಜೀರೊ ಇರುವುದು ಸಹಜ. ಬ್ಲೇಸರ್ ಆರ್8ರಲ್ಲಿ ಸ್ಕೋಪ್ ಮೌಂಟ್ ಬ್ಯಾರೆಲ್ ಮೇಲೆಯೇ ಕೂರುವುದು ಈ ತಲೆನೋವು ತಪ್ಪಿಸಲಿಕ್ಕೆ, ಆದರೆ ಪ್ರತಿ ಬ್ಯಾರೆಲ್‌ಗೆ ಒಂದು ಸ್ಕೋಪ್ ಇದ್ದರೆ ಮಾತ್ರ ಅದರ ಪೂರ್ತಿ ಲಾಭ.

ಟರೆಟ್‌ನ ಸೊನ್ನೆಯನ್ನು ಒಂದೇ ಬ್ಯಾರೆಲ್‌ಗೆ ಮೀಸಲಿಡಿ. ಆರಿಸುವಾಗ ಗುಂಪು ಕೆಳಗೆ ಬೀಳುವ ಬ್ಯಾರೆಲ್ ಅಲ್ಲ, ಮೇಲೆ ಬೀಳುವ ಬ್ಯಾರೆಲ್ ನೋಡಿ. ನಿಮ್ಮ ಲೆಕ್ಕದಲ್ಲಿ .300. ಕಾರಣ ಇಷ್ಟೇ: ಜೀರೊ ಸ್ಟಾಪ್ (ಸೊನ್ನೆಯ ಬಳಿ ತಡೆದು ನಿಲ್ಲಿಸುವ ಅಡ್ಡಿ) ಇರುವ ಟರೆಟ್ ಸೊನ್ನೆಯಿಂದ ಕೆಳಕ್ಕೆ ಹೆಚ್ಚು ಹೋಗುವುದಿಲ್ಲ. .308ನ್ನು ಸೊನ್ನೆ ಮಾಡಿದರೆ .300ಕ್ಕೆ 0.7 ಕೆಳಕ್ಕೆ ತಿರುಗಿಸಬೇಕು, ಸ್ಟಾಪ್ ಅಡ್ಡ ಬರಬಹುದು. .300 ಸೊನ್ನೆಯಾದರೆ .308ಕ್ಕೆ 0.7 ಮೇಲಕ್ಕೆ, 0.3 ಬಲಕ್ಕೆ. 0.1 ಮಿಲ್ ಟರೆಟ್‌ನಲ್ಲಿ 7 ಕ್ಲಿಕ್, 3 ಕ್ಲಿಕ್. ಆ ಎರಡು ಅಂಕಿ .308 ಬ್ಯಾರೆಲ್‌ನ ಚೀಲದ ಮೇಲೆ ಬರೆದಿಡಿ, ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ ಜೀರೊ ಆಫ್‌ಸೆಟ್ ಎಂಬ ಜಾಗವಿದ್ದರೆ ಅಲ್ಲೂ ತುಂಬಿ. ಅಂಕಿ ಬರೆಯುವ ಮುಂಚೆ ಟಾರ್ಕ್ ವ್ರೆಂಚ್ ಬರಲಿ, ಈಗಿನ 0.7ರಲ್ಲಿ ಎಲ್ ಕೀಲಿಯ ಪಾಲು ಎಷ್ಟೆಂದು ಹೇಳಲಾಗದು.

ಆ್ಯಪ್‌ನಲ್ಲಿ ಪ್ರತಿ ಬ್ಯಾರೆಲ್‌ಗೆ ಬೇರೆ ಪ್ರೊಫೈಲ್ ಇರಲಿ, ವೇಗವನ್ನು ಕ್ರೋನೊಗ್ರಾಫ್‌ನಲ್ಲಿ ಅಳೆದು ಹಾಕಿ. ಹೊಸ ಬ್ಯಾರೆಲ್‌ನ ವೇಗ ಮೊದಲ ನೂರಿನ್ನೂರು ಗುಂಡುಗಳಲ್ಲಿ ಏರುವುದುಂಟು, ಅದಾದ ಮೇಲೆ ಮತ್ತೊಮ್ಮೆ ಅಳೆಯಿರಿ.

ಇಕ್ಕಳ:
ಮುಂದೆ .338 ಕಡೆ ಹೋಗುವ ಆಸೆ ಇದ್ದರೆ ಮಜಲ್ ಬ್ರೇಕ್ (ನಳಿಗೆಯ ಬಾಯಿಗೆ ತಿರುಗಿಸಿ ಹಾಕುವ, ಹಿಮ್ಮೆಟ್ಟು ತಗ್ಗಿಸುವ ಭಾಗ) ಮರೆಯಬೇಡಿ. .308 ಮತ್ತು .300ರ ಗುಂಡು ಎರಡೂ 7.82 ಮಿಮೀ, 6.5 ಕ್ರೀಡ್‌ಮೂರ್‌ನದು 6.71. ಆದ್ದರಿಂದ .30 ಕ್ಯಾಲಿಬರ್ ಬ್ರೇಕ್ ಮೂರಕ್ಕೂ ನಡೆಯುತ್ತದೆ, ಎಳೆ ಹೊಂದಿದರೆ. .338ರ ಗುಂಡು 8.6 ಮಿಮೀ. ಎಳೆ ಹೊಂದಿತೆಂದು .30ರ ಬ್ರೇಕನ್ನು ಅದಕ್ಕೆ ತಿರುಗಿಸಿದರೆ ಮೊದಲ ಗುಂಡೇ ಬ್ರೇಕ್‌ಗೆ ಬಡಿಯುತ್ತದೆ. ಬ್ರೇಕನ್ನು ಆಯಾ ಬ್ಯಾರೆಲ್ ಮೇಲೆಯೇ ಬಿಡಿ, ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಡಿ. ಬಿಚ್ಚಿ ಹಾಕಿದರೆ ಅದೂ ಜೀರೊ ಸರಿಸುತ್ತದೆ, ಆಗ ತಪ್ಪು ಕ್ಲ್ಯಾಂಪ್‌ನದೋ ಬ್ರೇಕ್‌ನದೋ ತಿಳಿಯುವುದಿಲ್ಲ.